ಮಗು ಯಾರಿಗೆ?
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ವಿಚ್ಛೇದನವಾದಾಗ ಮಗು ಯಾರಿಗೆ ಎಂದು ಕೇಳುವುದೇ ರೂಢಿ. ಮಗುವಿಗೇನು ಬೇಕೆಂದು ಕೇಳುವವರು ವಿರಳ. 1956ರ ಹಿಂದೂ ಪಾಲಕತ್ವ ಕಾಯ್ದೆಯಾದರೋ ಮಗುವಿನ ಹಿತವೇ ಪ್ರಧಾನವೆನ್ನುತ್ತದೆ.

ಆದುದರಿಂದ ಅಗಲುವ ತಂದೆತಾಯಿಗಳು ಮೊದಲೇ ಕುಳಿತು ಬರೆದಿಡಲಿ: ಶಾಲೆಯ ದಿನಗಳಲ್ಲಿ ಮಗು ಎಲ್ಲಿರಬೇಕು? ದೀಪಾವಳಿ ರಜೆ ಯಾರಲ್ಲಿ? ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಯಾರೊಡನೆ? ಶುಲ್ಕ ಯಾರು ಕಟ್ಟಬೇಕು? ನಮ್ಮ ಎಂಐಡಿಸಿಯ ಟವೆಲ್ ಕಾರಖಾನೆಯಲ್ಲಿ ರಾತ್ರಿ ಪಾಳಿ ಬಂದ ವಾರ ಮಗುವಿನ ಬಳಿ ಯಾರು? ಕನ್ನಡ ಶಾಲೆ ಬಿಡಿಸುವುದಾದರೆ ಇಬ್ಬರ ಒಪ್ಪಿಗೆಯೂ ಇರಲಿ.

ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯವು ಪರಿಗಣಿಸಬಹುದೆಂದು 1890ರ ಕಾಯ್ದೆಯಲ್ಲಿಯೇ ಇದೆ. ಪಾಲಕರೇ, ನ್ಯಾಯಾಧೀಶರು ಕೇಳುವ ಮೊದಲು ನೀವೇ ನಮ್ಮನ್ನು ಕೇಳಬಾರದೇ? ನೀವು ಅಗಲಬಹುದು, ನಮಗೆ ಇಬ್ಬರೂ ಬೇಕು.