ಸಂಜೆಯ ಸೈಕಲ್ ಸವಾರಿ ನಿಲ್ಲಿಸಬೇಕೇ?



ಪ್ರತಿ ಶನಿವಾರ ಸಂಜೆ ನಮ್ಮ ಶಾಲೆಯ ಹತ್ತು ಹನ್ನೆರಡು ಮಂದಿ ಸೈಕಲ್ ತೆಗೆದುಕೊಂಡು ಗುಡ್ಡದ ಕಡೆ ಹೋಗಿ ಬರುವುದು ನಿಮಗೆಲ್ಲ ಗೊತ್ತೇ ಇದೆ. ಪುಷ್ಯ ಮಳೆ ಹಿಡಿದ ಮೇಲೆ ತಲೆಯಿಂದ ಕಾಲಿನವರೆಗೆ ಕೆಸರಾಗಿ ಬರುವುದೂ ಗೊತ್ತು. ಇದನ್ನು ನಿಲ್ಲಿಸಬೇಕೆಂದು ಈಗ ಊರಿನಲ್ಲಿ ಮಾತು ಎದ್ದಿದೆ. ಪೋಷಕರ ಸಭೆಯಲ್ಲೂ ಬಂತಂತೆ. ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ದಾರಿ ಬದಲಾಗಲೇಬೇಕು.

ಮಾತು ಎದ್ದದ್ದು ಸುಮ್ಮನೆ ಅಲ್ಲ. ಹೋದ ವಾರ ನಮ್ಮ ಗುಂಪಿನ ಇಬ್ಬರು ಕೆಳಗದ್ದೆಯ ಬದುವಿನ ಮೇಲೆ ಸೈಕಲ್ ಬಿಟ್ಟರು. ಯಾಕ್ರೋ ಅಂದರೆ ‘ಅದೇ ಮಜಾ’ ಅಂದರು. ನಾಟಿಗೆ ಮುಂಚೆ ಬದುವಿಗೆ ಹೊಸ ಕೆಸರು ಮೆತ್ತಿ ನೀರು ನಿಲ್ಲಿಸಿರುತ್ತಾರೆ. ಹಸಿ ಬದುವಿನ ಮೇಲೆ ಟಯರು ಹೋದರೆ ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ನೀರು ಹರಿಯಲು ಶುರುವಾದರೆ ಬೆಳಗಾಗುವುದರೊಳಗೆ ಬದು ಒಡೆಯುತ್ತದೆ. ಹಾಗೇ ಆಯಿತು. ಹಾಕಿದ್ದ ಗೊಬ್ಬರವೂ ನೀರಿನ ಜೊತೆ ಹಳ್ಳ ಸೇರಿತು. ಆ ಗದ್ದೆಯ ಅಜ್ಜ ಶಾಲೆಗೇ ಬಂದು, ‘ನಿಮ್ ಆಟಕ್ಕೆ ನನ್ ಗದ್ದೆನೇ ಬೇಕಿತ್ತೇನ್ರೋ?’ ಎಂದು ಕೇಳಿದರು. ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಆದರೆ ಇಬ್ಬರು ಬದು ತುಳಿದರು ಎಂದು ಸವಾರಿಯೇ ಬೇಡವೆನ್ನುವುದು ನ್ಯಾಯವೇ? ‘ಇದೆಲ್ಲ ಪೇಟೆಯ ಶ್ರೀಮಂತರ ಆಟ, ಗೇರ್ ಸೈಕಲ್ ಇದ್ದವರಿಗೆ’ ಎಂದು ಕೆಲವರು ಹೇಳುತ್ತಾರೆ. ಅದೂ ತಪ್ಪು ತಿಳುವಳಿಕೆ. ಈ ಆಟ ಬೆಳೆದದ್ದೇ ಹಳೇ ಸೈಕಲ್‌ಗಳಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಕಡೆ 1970ರ ದಶಕದಲ್ಲಿ ಕೆಲವು ಯುವಕರು ದಪ್ಪ ಟಯರಿನ ಹಳೇ ಸೈಕಲ್‌ಗಳನ್ನು ಸರಿಮಾಡಿಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಪಂದ್ಯದ ಹೆಸರು ‘ರೀಪ್ಯಾಕ್’. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವು. ಒಮ್ಮೆ ಗುಡ್ಡ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದೂ ಒಂದು ಪಂದ್ಯವಾಯಿತು. ನಮ್ಮಲ್ಲಿ 2006-07ರಲ್ಲಿ ಸರ್ಕಾರ ಶಾಲಾ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅಂಥ ಅಕ್ಕಂದಿರ, ಅಣ್ಣಂದಿರ ಸೈಕಲ್ಲೇ ನಮ್ಮ ಗುಂಪಿನಲ್ಲಿ ಐದಿವೆ.

ಹಾಗಾದರೆ ಎಲ್ಲಿ ಹೋಗಬೇಕು? ಹಳೇ ಗಾಡಿದಾರಿಯಲ್ಲಿ. ಅಲ್ಲಿ ಕೆಸರಿಗೇನೂ ಕಡಿಮೆ ಇಲ್ಲ, ಆದರೆ ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ ಇದೆ, ಯಾರ ಬೆಳೆಯೂ ಇಲ್ಲ. ಒಂದೇ ಒಂದು ಮಾತು, ಹೊಂಡ ಕಂಡರೆ ಪಕ್ಕದಿಂದ ಸುತ್ತಬಾರದು. ಒಬ್ಬ ಒಂದು ಗೇಣು ಪಕ್ಕಕ್ಕೆ ಹೋದರೆ ಹಿಂದಿನವನು ಎರಡು ಗೇಣು ಹೋಗುತ್ತಾನೆ, ಹೊಂಡ ಅಗಲವಾಗುತ್ತಾ ಹೋಗಿ ಕೊನೆಗೆ ಬೇಲಿಯ ಬುಡಕ್ಕೆ ಬರುತ್ತದೆ. ಕೋಲು ಹಾಕಿ ಆಳ ನೋಡಿ ನಡುವಿನಲ್ಲೇ ದಾಟಬೇಕು. ಕೆಸರು ಮೆತ್ತಿಕೊಳ್ಳುತ್ತದೆ ಅನ್ನುವವರು ಮನೆಯಲ್ಲೇ ಇರಲಿ!

ಇಳಿಜಾರಿನಲ್ಲಿ ಜಾಗ್ರತೆ ಬೇಕು. ರಿಮ್ಮು ಒದ್ದೆಯಾದರೆ ಬ್ರೇಕು ಕೂಡಲೇ ಹಿಡಿಯುವುದಿಲ್ಲ. ಇಳಿಯುವ ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು. ಸಾದಾ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಅಂಟುಮಣ್ಣು ಕೂತು ಚಕ್ರವೇ ತಿರುಗದಂತಾಗುತ್ತದೆ. ಗೇರ್ ಸೈಕಲ್‌ನವರು ಆಗ ನಕ್ಕು ಮುಂದೆ ಹೋಗುತ್ತಾರೆ, ಇದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಗುಂಪು ಅಂದ ಮೇಲೆ ಎಲ್ಲರಿಗಿಂತ ನಿಧಾನ ಹೋಗುವವನು ಮುಂದೆ ಇರಬೇಕು.

ಅಪ್ಪ ಅಮ್ಮಂದಿರ ಭಯ ಬೇರೆ, ಕಾಲುಸಂಕದ್ದು. ಅದು ನಿಜವಾದ ಭಯ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರಿನಲ್ಲಿ ಕೊಚ್ಚಿ ಹೋದಳು. ಸೈಕಲ್ ಹಿಡಿದುಕೊಂಡು ಸಂಕ ದಾಟುವುದೆಂದರೆ ಇನ್ನೂ ಕಷ್ಟ, ಒಂದು ಕೈ ಹಿಡಿಕೆಯಲ್ಲಿ ಸಿಕ್ಕಿಬಿದ್ದಿರುತ್ತದೆ. ಮಳೆಗಾಲ ಮುಗಿಯುವ ತನಕ ಹಳ್ಳದ ಆಚೆ ಹೋಗುವುದೇ ಬೇಡ. ಗಾಡಿದಾರಿಗೆ ಸಂಕ ದಾಟಬೇಕಾಗಿಲ್ಲ, ಮನೆಯವರಿಗೆ ಇದನ್ನು ಹೇಳಿ ನೋಡಿ.

ಇನ್ನು ಕತ್ತಲಿನ ಮಾತು. ಏಳರವರೆಗೆ ಬೆಳಕಿರುತ್ತದೆಂದು ಲೆಕ್ಕ ಹಾಕಬೇಡಿ. ಮೋಡ ಮುಚ್ಚಿದರೆ ಮರದಡಿಯಲ್ಲಿ ಆರೂಕಾಲಿಗೇ ಹೊಂಡ ಯಾವುದು, ದಾರಿ ಯಾವುದು ತಿಳಿಯುವುದಿಲ್ಲ. ನಾಲ್ಕಕ್ಕೆ ಹೊರಟು ಆರಕ್ಕೆ ಊರು ಸೇರಬೇಕು. ಹಾಗಾದರೆ ಹುಡುಗಿಯರೂ ಬರಬಹುದು. ಒಂಬತ್ತನೇ ತರಗತಿಯ ಮೂವರು ಬರುತ್ತೇವೆ ಎಂದಿದ್ದಾರೆ, ಹೊತ್ತಾಗುತ್ತದೆ ಅಂತ ತಾನೇ ಇಲ್ಲಿಯವರೆಗೆ ಅವರ ಮನೆಯಲ್ಲಿ ಬಿಡದೆ ಇದ್ದದ್ದು.

ಭಾನುವಾರ ಬೆಳಿಗ್ಗೆ ಅಜ್ಜನ ಗದ್ದೆಯ ಬದು ಮೆತ್ತಿಕೊಡಲು ಆರು ಜನ ಹೆಸರು ಕೊಟ್ಟಿದ್ದಾರೆ. ಬದು ತುಳಿದ ಇಬ್ಬರೂ ಅದರಲ್ಲಿದ್ದಾರೆ. ಗುದ್ದಲಿ ಇನ್ನೂ ಎರಡು ಬೇಕು. ಮನೆಯಲ್ಲಿ ಇದ್ದವರು ಕೇಳಿಕೊಂಡು ತನ್ನಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ