ಪಶ್ಚಿಮವೆಂದರೆ ಯಾವ ದಿಕ್ಕು?

ಘಟ್ಟದವರಾದ ನಮಗೆ ಪಶ್ಚಿಮವೆಂದರೆ ಮುಂಗಾರು ಬರುವ ದಿಕ್ಕು. ಭಾಷಣಗಳಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಹುಡುಗಿ ಜೀನ್ಸ್ ತೊಟ್ಟರೆ ಅದು ಪಾಶ್ಚಾತ್ಯ ನಾಗರಿಕತೆಯ ಪ್ರಭಾವ. ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದರೆ ಅದರ ದಾಳಿ. ಮುಪ್ಪಿನ ತಂದೆತಾಯಿಯನ್ನು ಮಕ್ಕಳು ಕೈಬಿಟ್ಟರೆ ಅದರ ಫಲ. ಪರಿಸರದ ವೇದಿಕೆಗಳೂ ಇದಕ್ಕೆ ಹೊರತಲ್ಲ. ಕಾಡು ನಾಶವಾದರೆ, ಹೊಳೆ ಬತ್ತಿದರೆ, ನಾವೂ ಅದೇ ಎರಡು ಪದಗಳನ್ನು ಮುಂದಿಟ್ಟು ಸುಮ್ಮನಾಗುತ್ತೇವೆ. ಈ ಪದಗಳು ತಿಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನಮ್ಮ ತೋಟದಿಂದಲೇ ಆರಂಭಿಸೋಣ. ಅಡಕೆಗೆ ಕೊಳೆರೋಗ ತಗಲದಿರಲೆಂದು ಹಿಂದಿನವರು ಮಳೆಗಾಲಕ್ಕೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಆ ದ್ರಾವಣದ ಕತೆ ಸ್ವಾರಸ್ಯಕರವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆಬದಿಯ ಬಳ್ಳಿಗಳಿಗೆ ಇಂತಹ ಮಿಶ್ರಣವನ್ನು ಎರಚುತ್ತಿದ್ದರು. ಎರಚಿದ ಬಳ್ಳಿಗಳು ಬೂಜುರೋಗದಿಂದ ಪಾರಾದುದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದರು. ಕಳ್ಳರನ್ನು ಅಂಜಿಸಲು ರೈತ ಹೂಡಿದ ಉಪಾಯವದು! ಅದು 'ಪಾಶ್ಚಾತ್ಯ ವಿಜ್ಞಾನ', ಕೊಟ್ಟೆ ಕಟ್ಟುವುದು ಮಾತ್ರ 'ಸಂಪ್ರದಾಯ' ಎನ್ನುವುದು ಯಾವ ನ್ಯಾಯ? ದ್ರಾವಣದ ತಾಮ್ರ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಶೇಖರವಾಗುತ್ತದೆ ಎಂಬ ಆತಂಕ ಸರಿಯಾದುದೇ. ಅದನ್ನು ಮಣ್ಣು ಪರೀಕ್ಷಿಸಿ ತೀರ್ಮಾನಿಸಬೇಕು, ಔಷಧದ ಹುಟ್ಟೂರನ್ನು ಕೇಳಿ ಅಲ್ಲ.

ಇದೇ ಕೋಲ್ಮನ್ ಅವರ ಹೆಸರು, ನಮ್ಮ ಬೆಟ್ಟಗಳ ನೀರು ಹೋಗಿ ಸೇರುವ ಮಂಡ್ಯದಲ್ಲೂ ಕೇಳಿಬರುತ್ತದೆ. ಕೊಡಗಿನ ಕಾವೇರಿಯೂ ಮೂಡಿಗೆರೆ ಕಡೆಯ ಹೇಮಾವತಿಯೂ ಕೃಷ್ಣರಾಜಸಾಗರದಲ್ಲಿ ನಿಂತು, ಅಲ್ಲಿಂದ ನಾಲೆಯಾಗಿ ಮಂಡ್ಯದ ಬಯಲಿಗೆ ಹರಿಯುತ್ತವೆ. ಇಂದು ನಗರದೊಳಗೆ ಸೇರಿಹೋಗಿರುವ ಗುತ್ತಲಿನ ಸುತ್ತಣ ನಾಡು ಒಂದು ಕಾಲಕ್ಕೆ ರಾಗಿ, ಹುರುಳಿ, ಅವರೆಯ ಸೀಮೆ. 1911ರಲ್ಲಿ ಆರಂಭವಾದ ಅಣೆಕಟ್ಟೆ 1931ರ ವೇಳೆಗೆ ಮುಗಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹೊಲಗಳಿಗೆ ಕಬ್ಬು ಬಂದಿತು. ಇದರಲ್ಲಿ ಪಾಶ್ಚಾತ್ಯವಾದುದು ಯಾವುದು? ಅಣೆಕಟ್ಟೆಗಾಗಿ ಹಟ ಹಿಡಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಬೊಕ್ಕಸ ಸಂಸ್ಥಾನದ್ದು, ಸಕ್ಕರೆ ಕಾರ್ಖಾನೆಗಾಗಿ ದುಡಿದವರು ಕೋಲ್ಮನ್. ನಾಲೆಗೆ ಮೊದಲು ವೈಸರಾಯ್ ಇರ್ವಿನ್ನನ ಹೆಸರಿತ್ತು, ಅನಂತರ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಹೆಸರು ಪಶ್ಚಿಮದಿಂದ ಪೂರ್ವಕ್ಕೆ ಬಂದರೂ ಕೊನೆಯ ಭಾಗದ ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ತಲುಪುವ ಪಾಡು ಬದಲಾಗಲಿಲ್ಲ. ನೀರು ಮಿತಿಮೀರಿದ ಕಡೆ ನೆಲ ಚೌಳಾಗುವುದೂ ತಪ್ಪಲಿಲ್ಲ. ತೂಬಿನ ಕೀಲಿ ಯಾರ ಕೈಯಲ್ಲಿದೆ, ಯಾವ ಬೆಳೆಗೆ ಎಷ್ಟು ನೀರು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಇದು ಪಾಶ್ಚಾತ್ಯ ಅಭಿವೃದ್ಧಿ ಎಂದು ಬೈದರೆ ಅಲ್ಲಿಗೇ ನಿಲ್ಲುತ್ತದೆ.

ಅಪ್ಪಟ ದೇಸಿ ಎಂದು ನಾವು ಹೆಮ್ಮೆಪಡುವ ರಾಗಿಯಾದರೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದ ಎತ್ತರದ ನಾಡುಗಳಿಂದ ಬಂದುದು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ 'ಇಂಡಾಫ್' ತಳಿಗಳ ಹೆಸರಿನಲ್ಲಿಯೇ ಈ ಎರಡೂ ನೆಲಗಳಿವೆ.

ಅರಣ್ಯವೆಂದರೆ ಮರದ ದಾಸ್ತಾನು ಎಂದು ಎಣಿಸುವ ಕ್ರಮ ಬ್ರಿಟಿಷರ ಆಡಳಿತದಲ್ಲಿ ಬೇರೂರಿತು, ನಿಜ. 1878ರ ಅರಣ್ಯ ಕಾಯಿದೆ ಅದಕ್ಕೆ ಸಾಕ್ಷಿ. ಆದರೆ 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಳ್ಳಬೇಕಾಗಿ ಬಂದಾಗ ಕಡಿಯಲು ಅಪ್ಪಣೆ ಕೊಟ್ಟಿದ್ದ ಸರ್ಕಾರ ಲಂಡನ್ನಿನದಾಗಿರಲಿಲ್ಲ. ಗಾಂಧೀಜಿ 1909ರಲ್ಲಿ ಹಿಂದ್ ಸ್ವರಾಜ್ ಬರೆದಾಗ ಅವರ ಗುರಿ ಆಧುನಿಕ ನಾಗರಿಕತೆಯೇ ಹೊರತು ಇಂಗ್ಲಿಷ್ ಜನರಲ್ಲ. ಆ ಜನರೂ ಅದಕ್ಕೆ ಸಿಕ್ಕಿ ನರಳುತ್ತಿದ್ದಾರೆಂದೇ ಅವರು ಬಗೆದಿದ್ದರು. ನಮ್ಮ ಭಾಷಣಕಾರರು ಗಾಂಧಿಯ ಹೆಸರನ್ನು ಉಳಿಸಿಕೊಂಡು ಈ ವಿವೇಕವನ್ನು ಕೈಬಿಟ್ಟಿದ್ದಾರೆ. ಕಾರಣ ಸರಳವಾಗಿದೆ. ಹೊರಗಿನವರನ್ನು ದೂಷಿಸಿದರೆ ಊರಿನಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಆ ಬೈಗುಳದ ಭಾರ ಬೀಳುವುದು ಮಾತ್ರ ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳ ಉಡುಪಿನ ಮೇಲೆ, ಅವರ ಓದಿನ ಮೇಲೆ.

2023ರ ನವೆಂಬರಿನಲ್ಲಿ ಇದೇ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಯಂತ್ರ ಪಶ್ಚಿಮದ್ದೆಂದೇ ಇಟ್ಟುಕೊಳ್ಳೋಣ. ಅದನ್ನು ಹುಡುಕಿಕೊಂಡು ಹೋದ ಮನೆಗಳಲ್ಲಿ ಹೆಣ್ಣು ಬೇಡವೆಂದವರು ಯಾರು? ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಿಂದಲೂ ನಮ್ಮಲ್ಲಿದೆ.