ನಮ್ಮ ಲಿವರು, ಅವರ ಪಟ್ಟಿ

ದೊಡ್ಡ ಕರುಳಿನ ಕ್ಯಾನ್ಸರು ಲಿವರಿಗೆ ಹಬ್ಬಿತು ಅಂದರೆ ಮುಗೀತು, ಮನೆಗೆ ಕರಕೊಂಡು ಹೋಗಿ ಅನ್ನುವ ಮಾತು ನಮ್ಮವರಿಗೆ ಹೊಸದಲ್ಲ. ಕರುಳಿನ ರಕ್ತ ಮೊದಲು ಲಿವರಿಗೇ ಹೋಗುತ್ತದೆ, ರೋಗವೂ ಅದೇ ದಾರಿ ಹಿಡಿಯುತ್ತದೆ. ಗಂಟು ಕತ್ತರಿಸಿ ತೆಗೆಯುವ ಹಾಗಿದ್ದರೆ ತೆಗೆಯುತ್ತಾರೆ. ಲಿವರಿನ ತುಂಬ ಹರಡಿದ್ದರೆ ಕೀಮೋ, ಆಮೇಲೆ ದಿನ ಎಣಿಸುವುದು.

2006ರಲ್ಲಿ ನಾರ್ವೆಯ ಓಸ್ಲೋದ ವೈದ್ಯರು ಇಂಥ ರೋಗಿಗಳ ಲಿವರನ್ನೇ ಪೂರ್ತಿ ತೆಗೆದು ಬೇರೆ ಲಿವರು ಕೂರಿಸಿ ನೋಡಲು ಶುರುಮಾಡಿದರು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಫ್ರಾನ್ಸ್, ಬೆಲ್ಜಿಯಂ, ಇಟಲಿಯ 94 ರೋಗಿಗಳ ಲೆಕ್ಕ ಪ್ರಕಟಿಸಿತು. ಕೀಮೋ ಜೊತೆ ಕಸಿಯ ಗುಂಪಿಗೆ ಬಿದ್ದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 57. ಬರೀ ಕೀಮೋ ಗುಂಪಿನಲ್ಲಿ 13.

ಈ ಲೆಕ್ಕವನ್ನು ಹಬ್ಬುವಾಡದ ರಸ್ತೆಯಲ್ಲಿ ನಿಂತು ಓದಿ ನೋಡಿ.

"ಇದೆಲ್ಲ ಉಳ್ಳವರ ಔಷಧಿ ಮಾರಾಯ, ನಮಗೆ ಮೊದಲು ಭೂಮಿ, ಅನ್ನ" ಅನ್ನುವ ಸಂಗಾತಿಗಳು ನಮ್ಮಲ್ಲೇ ಇದ್ದಾರೆ. ನಮ್ಮಪ್ಪಂದಿರಿಗೆ "ಓದು ನಿಮಗೆಂತಕ್ಕೆ" ಅಂದವರ ಮಾತಿಗೂ ಇದಕ್ಕೂ ಎಷ್ಟು ದೂರ? ಭೂಮಿಯೂ ಬೇಕು, ಲಿವರೂ ಬೇಕು.

ಆ ಕಸಿ ಎಲ್ಲರಿಗೂ ಸಿಗುವುದಿಲ್ಲ, ಅದು ನಿಜ. ಕರುಳಿನ ಮೂಲ ಗಂಟು ತೆಗೆದಿರಬೇಕು, ಲಿವರು ಬಿಟ್ಟು ಬೇರೆಲ್ಲೂ ರೋಗ ಇರಬಾರದು, ಕೀಮೋಗೆ ಬಗ್ಗಿರಬೇಕು. ಅಲ್ಲಿ ಪರಿಶೀಲನೆಗೆ ಬಂದ 157 ಜನರಲ್ಲಿ ಗೆದ್ದವರು 94. ಆ 157 ಜನ ಆಗಲೇ ದೊಡ್ಡಾಸ್ಪತ್ರೆಯ ಒಳಗಿದ್ದವರು. ನಮ್ಮ ಮುಕ್ರಿ, ಹಳ್ಳೇರ, ಆಗೇರ ಕೇರಿಗಳ ಮನುಷ್ಯನಿಗೆ ಮಲದಲ್ಲಿ ರಕ್ತ ಕಂಡರೆ ಅವನು ಮೊದಲು ಸುಮ್ಮನಿರುತ್ತಾನೆ. ಆಮೇಲೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಮೂಲವ್ಯಾಧಿ ಬೋರ್ಡಿನ ಡಾಕ್ಟರ ಹತ್ತಿರ ಹೋಗುತ್ತಾನೆ. ವರ್ಷ ಕಳೆಯುತ್ತದೆ. ಊರಿನ ಮಲವನ್ನು ತಲೆಯ ಮೇಲೆ ಹೊತ್ತವರು ನಾವು. ಅದನ್ನು ನಿಲ್ಲಿಸಲು ಬಸವಲಿಂಗಪ್ಪನವರೇ ಮಂತ್ರಿಯಾಗಿ ಬರಬೇಕಾಯಿತು. ಆಮೇಲೂ 2010ರಲ್ಲಿ ಸವಣೂರಿನ ಪೌರಕಾರ್ಮಿಕರು ಮೈಮೇಲೆ ಮಲ ಸುರಿದುಕೊಂಡು ಊರಿಗೆ ನೆನಪು ಮಾಡಿದರು. ಪರರ ಮಲ ಹೊರುವಾಗ ಇಲ್ಲದ ನಾಚಿಕೆಯನ್ನು ನಮ್ಮ ಮಲದ ಬಗ್ಗೆ ಮಾತಾಡುವಾಗ ನಮಗೆ ಕಲಿಸಿದವರು ಯಾರು?

ಸರ್ಕಾರ ಊರೂರಿನ ತಪಾಸಣೆಗೆ ಆರಿಸಿಕೊಂಡಿದ್ದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರು. ಕರುಳು ಆ ಪಟ್ಟಿಯಲ್ಲಿಲ್ಲ. ಈ ದೇಶದಲ್ಲಿ ಅದು ಕಡಿಮೆ ಅನ್ನುತ್ತಾರೆ. ಪರೀಕ್ಷೆಯೇ ಆಗದೆ "ಹೊಟ್ಟೆನೋವಿನಿಂದ" ಸತ್ತವರನ್ನು ಯಾವ ಪುಸ್ತಕದಲ್ಲಿ ಬರೆದಿದ್ದೀರಿ ಸ್ವಾಮಿ?

ಈ ಜಿಲ್ಲೆ ಕೊಟ್ಟಿದ್ದು ಕಡಿಮೆಯೇ? 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್‌ಗೆ ಕಡಲು, ಊರು ಕೊಟ್ಟೆವು. ಕೈಗಾದ ವಿದ್ಯುತ್ತು 2000ದಿಂದ ಹೊರಗೆ ಹರಿಯುತ್ತಿದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿಗೆ ಓಡುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ಸತ್ತರು. ಒಂದು ದೊಡ್ಡಾಸ್ಪತ್ರೆ ಕೊಡಿ ಅಂತ ಜಿಲ್ಲೆಗೆ ಜಿಲ್ಲೆಯೇ ಕೂಗಿತು. ಕೂಗು ಈಗಲೂ ಗಂಟಲಲ್ಲೇ ಇದೆ.

ಇನ್ನು ಲಿವರು ಕೊಡುವವರ ವಿಷಯ. ನಮ್ಮ ದೇಶದಲ್ಲಿ ಲಿವರ್ ಕಸಿ ಹೆಚ್ಚಾಗಿ ನಡೆಯುವುದು ಬದುಕಿರುವ ಬಂಧುಗಳ ಲಿವರಿನ ತುಂಡಿನಿಂದ. 1995ರಿಂದ 2021ರವರೆಗೆ ಎಲ್ಲ ಅಂಗಗಳೂ ಸೇರಿ ಲೆಕ್ಕಕ್ಕೆ ಸಿಕ್ಕ 36,640 ಕಸಿಗಳಲ್ಲಿ ಗಂಡಸರಿಗೆ ಆದದ್ದು 29,695, ಹೆಂಗಸರಿಗೆ 6,945. ಬದುಕಿದ್ದು ಕೊಡುವವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಮನೆಗಳೂ ಇದಕ್ಕೆ ಹೊರತು ಅಂತ ಯಾರಾದರೂ ಎದೆ ಮುಟ್ಟಿ ಹೇಳಲಿ!

ಸತ್ತವರ ಅಂಗ ಹಂಚುವ ಪಟ್ಟಿ ಬೆಂಗಳೂರಿನ ಜೀವಸಾರ್ಥಕತೆಯಲ್ಲಿದೆ. ಅದರಲ್ಲಿ ಹೆಸರು ಸೇರಬೇಕಾದರೆ ಕಸಿ ಮಾಡುವ ಆಸ್ಪತ್ರೆಯಲ್ಲೇ ನೋಂದಾಯಿಸಬೇಕು. ಅಂಥದ್ದು ಈ ಜಿಲ್ಲೆಯಲ್ಲಿ ಇಲ್ಲ. ಹೆದ್ದಾರಿ 66ರಲ್ಲಿ ಬಿದ್ದು ಆಸ್ಪತ್ರೆಯಲ್ಲಿ ಮೆದುಳು ಸತ್ತ ನಮ್ಮ ಹುಡುಗನ ಲಿವರು ಯಾವ ಮಠದ ಒಡೆಯನಿಗಾದರೂ ಹೊಂದುತ್ತದೆ. ಆಗ ವೈದ್ಯ ಕೇಳುವುದು ರಕ್ತದ ಗುಂಪು, ಜಾತಿ ಅಲ್ಲ. ಅದೇ ಹುಡುಗನ ಅವ್ವನ ಹೆಸರು ಪಟ್ಟಿಗೆ ಏರುವುದು ಮಾತ್ರ ಕಷ್ಟ. ಬಿಪಿಎಲ್ ಕಾರ್ಡಿನವರ ಕಸಿಗೆ ರಾಜ್ಯದಲ್ಲಿ ಯೋಜನೆಯಿದೆ, ಸರಿ. ಬಸ್ಸಿನ ಖರ್ಚು, ಬೆಂಗಳೂರಿನ ಬಾಡಿಗೆ, ಕಳೆದ ಕೂಲಿ, ಜೀವಮಾನವಿಡೀ ನಿಲ್ಲಿಸುವಂತಿಲ್ಲದ ಮಾತ್ರೆ, ಇವನ್ನೆಲ್ಲ ಯಾರ ಹೆಗಲಿಗೆ ಹಾಕುತ್ತೀರಿ?

ಮಲದಲ್ಲಿ ರಕ್ತ ಹುಡುಕುವ ಪರೀಕ್ಷೆ ಅಗ್ಗದ್ದು. ಅಂಕೋಲೆಯ, ಕಾರವಾರದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ ಆಗಬೇಕು, ರಕ್ತ ಸಿಕ್ಕವರಿಗೆ ಕಾರವಾರದಲ್ಲೇ ಕೊಲೊನೋಸ್ಕೋಪಿ ಆಗಬೇಕು. ಅರ್ಜಿ ಬರೆಯೋಣ, ಕಚೇರಿಯೆದುರು ಕೂರೋಣ. ಅಲ್ಲಿಯವರೆಗೆ ಮೇಷ್ಟ್ರೇ, ಮುಂದಿನ ಪಾಲಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಿ: ಮಲದಲ್ಲಿ ರಕ್ತ ಕಂಡರೆ ಬೋರ್ಡಿನ ಡಾಕ್ಟರ ಹತ್ತಿರ ಅಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ, ಚೀಟಿ ಬರೆಸಿಕೊಳ್ಳಿ, ಆ ಚೀಟಿ ಕಳೆಯಬೇಡಿ.